ಕೋಲಾರವನ್ನು ಮಳೆಯಲ್ಲೇ ನೋಡಬೇಕು

ಲಂಡನ್ನಿನಲ್ಲಿರುವ ಮಕ್ಕಳ ಮನೆಗೆ ಹೋದ ನಮ್ಮ ಕಡೆಯ ತಂದೆತಾಯಂದಿರು ಅಲ್ಲಿ ಮಳೆ ಹಿಡಿಯಿತೆಂದು ಮನೆಯಲ್ಲಿ ಕೂರುವುದಿಲ್ಲ. ಕೊಡೆ ಹಿಡಿದು ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೊರಡುತ್ತಾರೆ. ಒಳಗೆ ಹೋಗಲು ಕಾಸು ಕೊಡಬೇಕಿಲ್ಲ, ದಿನವಿಡೀ ನೋಡಿದರೂ ಮುಗಿಯುವುದಿಲ್ಲ. ಇಟಲಿಯ ಬೊಲೋನ್ಯ ನಗರ ಇನ್ನೂ ಒಂದು ಹೆಜ್ಜೆ ಮುಂದೆ. ಹೊಸ ಮನೆ ಕಟ್ಟುವವರು ಬೀದಿಯ ಬದಿಗೆ ಕಂಬಗಳ ಪಡಸಾಲೆ ಬಿಡಲೇಬೇಕೆಂದು ಅಲ್ಲಿ 1288ರಲ್ಲೇ ಕಟ್ಟಳೆ ಮಾಡಿದ್ದರು. ಇಂದು ಆ ಊರಿನ ಪಡಸಾಲೆಗಳ ಒಟ್ಟು ಉದ್ದ ಸುಮಾರು 62 ಕಿ.ಮೀ.; 2021ರಲ್ಲಿ ಅವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಪರದೇಶದಲ್ಲಿ ಮಳೆಯಲ್ಲೂ ಊರು ಸುತ್ತುವ ನಾವು, ಬೆಂಗಳೂರಿನಿಂದ ಕೋಲಾರಕ್ಕೆ ಬರುವ ನೆಂಟರಿಗೆ ಮಾತ್ರ ಮೋಡ ಕವಿದ ಕೂಡಲೇ 'ಇನ್ನೊಂದು ದಿನ ಬನ್ನಿ' ಎಂದುಬಿಡುತ್ತೇವೆ. ಹಾಗೆ ಹೇಳುವುದು ತಪ್ಪು. ಈ ಜಿಲ್ಲೆಯನ್ನು ನೋಡಲು ಮಳೆಯ ದಿನಕ್ಕಿಂತ ಒಳ್ಳೆಯ ದಿನವಿಲ್ಲ.

ಕಾರಣ ಈ ನೆಲದಲ್ಲೇ ಇದೆ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ವರ್ಷದ ಮಳೆ 700 ಮಿ.ಮೀ. ಆಸುಪಾಸು, ಅದರಲ್ಲೂ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಇಷ್ಟನ್ನೇ ಹಿಡಿದಿಟ್ಟು ಬದುಕಲು ಹಿಂದಿನವರು ಅವಿಭಜಿತ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ ಇಳಿಯುವಂತೆ ಒಂದಕ್ಕೊಂದನ್ನು ಜೋಡಿಸಿದರು. ಬೇತಮಂಗಲದ ಒಡೆದ ಕೆರೆಯನ್ನು ಹತ್ತನೇ ಶತಮಾನದಲ್ಲಿ, ನೊಳಂಬರ ಕಾಲದಲ್ಲಿ, ಮತ್ತೆ ಕಟ್ಟಿಸಿದ್ದಕ್ಕೆ ಶಾಸನವಿದೆ. ಏಪ್ರಿಲ್ ಬಿಸಿಲಿನಲ್ಲಿ ಬಂದವರಿಗೆ ಇದೆಲ್ಲ ಜಾಲಿ ಬೆಳೆದ ಬಯಲು, ಒಂದು ಮಣ್ಣಿನ ಏರಿ, ಅಷ್ಟೆ. ತೂಬು ಯಾಕೆ ಅಲ್ಲಿದೆ, ಕೋಡಿ ಯಾಕೆ ಅಷ್ಟೇ ಎತ್ತರಕ್ಕಿದೆ ಎಂಬುದು ನೀರು ಓಡುವಾಗ ಮಾತ್ರ ಅರ್ಥವಾಗುತ್ತದೆ. 2021ರ ನವೆಂಬರಿನ ಮಳೆಗೆ ಎಷ್ಟೋ ವರ್ಷಗಳ ಮೇಲೆ ಕೆರೆಗಳು ಕೋಡಿ ಬಿದ್ದಾಗ ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಪ್ರವಾಸೋದ್ಯಮ ಎಂಬ ಮಾತು ಹುಟ್ಟುವ ಮೊದಲಿನಿಂದಲೂ ನಮ್ಮ ಜನ ಬಾಗಿನದ ಮೊರ ಹಿಡಿದು ನೋಡಲು ಹೋಗುತ್ತಿದ್ದುದು ತುಂಬಿದ ಕೆರೆಯನ್ನೇ.

ಕಲ್ಲಿನ ಕೆಲಸಕ್ಕೂ ಈ ಮಾತು ಸಲ್ಲುತ್ತದೆ. ಕೋಲಾರದ ಸೋಮೇಶ್ವರ ದೇವಸ್ಥಾನದ ಕಲ್ಯಾಣ ಮಂಟಪದ ಕಂಬಗಳನ್ನು ಎಲ್ಲರೂ ಹೊಗಳುತ್ತಾರೆ, ಮೇಲಿನ ಸೂರನ್ನು ಗಮನಿಸುವವರು ಕಡಿಮೆ. ವಿಜಯನಗರದ ಶಿಲ್ಪಿಗಳು ದಪ್ಪ ಕಲ್ಲನ್ನು ಹೊರಕ್ಕೆ ಚಾಚಿ, ಕೆಳಗೆ ಬಾಗಿಸಿ, ತುದಿಯಲ್ಲಿ ಮತ್ತೆ ತುಸು ಎತ್ತಿದ್ದಾರೆ. ಬಿಸಿಲಿನಲ್ಲಿ ಅದು ಅಲಂಕಾರವಾಗಿ ಕಾಣುತ್ತದೆ. ಮಳೆ ಬಿದ್ದಾಗ ನೀರು ಆ ಬಾಗನ್ನು ಹಿಡಿದು ಜಾರಿ, ಕಂಬದ ಕೆತ್ತನೆಯಿಂದ ದೂರಕ್ಕೆ ತೊಟ್ಟಿಕ್ಕುತ್ತದೆ. ಒಳಗೆ ನಿಂತವರು ನೆನೆಯುವುದಿಲ್ಲ. ಆವಣಿಯ ರಾಮಲಿಂಗೇಶ್ವರ ಗುಡಿಗಳಲ್ಲೂ, ಕುರುಡುಮಲೆಯಲ್ಲೂ ಕಂಬದ ಮಂಟಪಗಳಿವೆ. ಬೊಲೋನ್ಯದಂತೆಯೇ ನೆರಳು, ಸೂರು ಎರಡನ್ನೂ ಊರಿನ ಸೊತ್ತಾಗಿ ಕಟ್ಟಿಕೊಟ್ಟ ನೆಲ ಇದು.

ಮಳೆ ಚೆಂದವನ್ನಷ್ಟೇ ತೋರಿಸುವುದಿಲ್ಲ. ಕೆ.ಜಿ.ಎಫ್. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಅದರ ಸೈನೈಡ್ ದಿಬ್ಬಗಳು ಉಳಿದವು. ಒಣ ದಿನದಲ್ಲಿ ಅವು ಸಿನಿಮಾದವರಿಗೆ ಬೇಕಾಗುವ ಬೂದು ಗುಡ್ಡಗಳು. ಜೋರು ಮಳೆಯಲ್ಲಿ ಅವುಗಳ ಮೈ ಕೊರೆದು, ಆ ಹುಡಿ ನೀರಿನೊಂದಿಗೆ ತಗ್ಗಿಗೆ ಇಳಿಯುವುದನ್ನು ಕಂಡವರಿಗೆ ಚಿನ್ನದ ಲೆಕ್ಕದ ಇನ್ನೊಂದು ಬದಿ ಗೊತ್ತಾಗುತ್ತದೆ. ಬಂದವರು ಇದನ್ನೂ ನೋಡಿ ಹೋಗಬೇಕು.

ಅಂತರಗಂಗೆಯಂಥ ಬಂಡೆಗಳ ಬೆಟ್ಟದಲ್ಲಿ ಮಳೆಗೆ ಕಾಲು ಜಾರುತ್ತದೆ, ತುಂಬಿದ ಕೆರೆ, ಕಲ್ಲು ಕ್ವಾರಿಗಳು ಜೀವ ತೆಗೆಯುತ್ತವೆ ಎಂಬ ಆಕ್ಷೇಪ ನಿಜವೇ. ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯವರೆಗೆ ಮೆಟ್ಟಿಲಿದೆ. ಅಲ್ಲಿಂದ ಮೇಲಿನ ಗುಹೆಗಳ ದಾರಿಯನ್ನು ಅಂಥ ದಿನ ಮುಚ್ಚಲೇಬೇಕು, ಕ್ವಾರಿಗಳ ಹತ್ತಿರಕ್ಕೆ ಯಾರನ್ನೂ ಬಿಡಬಾರದು. ಕೆ.ಸಿ. ವ್ಯಾಲಿ ನೀರು 2018ರಿಂದ ಬರುತ್ತಿದೆ, ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರಿದೆ, ಮಳೆಗೇಕೆ ಕಾಯಬೇಕು ಎನ್ನುವವರೂ ಇದ್ದಾರೆ. ಅದು ಬೆಂಗಳೂರು ಬಳಸಿ ಬಿಟ್ಟ ನೀರು, ಎರಡನೇ ಹಂತದವರೆಗಷ್ಟೇ ಶುದ್ಧೀಕರಿಸಿ ಅಂತರ್ಜಲಕ್ಕಾಗಿ ತುಂಬಿಸುತ್ತಿರುವುದು. ಯಾವ ರಾಜಕಾಲುವೆ ಹೂತುಹೋಗಿದೆ, ಯಾವ ಕೆರೆಯಂಗಳ ಒತ್ತುವರಿಯಾಗಿದೆ ಎಂಬುದನ್ನು ಆ ನೀರು ಹೇಳುವುದಿಲ್ಲ. ಮಳೆಯ ನೀರು ಅದನ್ನು ಒಂದೇ ದಿನದಲ್ಲಿ ಬರಿಗಣ್ಣಿಗೆ ಕಾಣುವಂತೆ ತೋರಿಸುತ್ತದೆ.

ಕುಡಿಯುವ ನೀರಿಗೇ ಪರದಾಡುವ ಜಿಲ್ಲೆಯಲ್ಲಿ ನೋಡಲು ಬರುವವರಿಗೆ ದುಡ್ಡು ಸುರಿಯಬೇಕೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಇಲ್ಲಿ ಕೇಳುತ್ತಿರುವುದು ರೋಪ್‌ವೇಯನ್ನಲ್ಲ, ಗಾಜಿನ ಸೇತುವೆಯನ್ನಲ್ಲ. ಆವಣಿ, ಕುರುಡುಮಲೆ, ಬೇತಮಂಗಲದಲ್ಲಿ ಸೋರದ ಬಸ್ ತಂಗುದಾಣ, ಬೀಗ ಹಾಕದ ಶೌಚಾಲಯ, ಮಳೆಯ ದಿನವೂ ಹೊತ್ತಿಗೆ ಸರಿಯಾಗಿ ತೆರೆಯುವ ಗುಡಿಯ ಬಾಗಿಲು. ಆ ತಂಗುದಾಣದಲ್ಲಿ ಮೊದಲು ನಿಲ್ಲುವವರು ಟೊಮೇಟೊ ಮಾರಿ ಮನೆಗೆ ಹೊರಟ ರೈತರು, ಶಾಲೆ ಬಿಟ್ಟ ಹೆಣ್ಣುಮಕ್ಕಳು, ಬೆಂಗಳೂರಿನವರು ಆಮೇಲೆ. ಮಾವಿನ ಕಾಲಕ್ಕೆ ಶ್ರೀನಿವಾಸಪುರದ ಹೆಸರು ಹೇಳಿ ಜನರನ್ನು ಕರೆಯುವಂತೆ, ಕೆರೆ ಕೋಡಿ ಬಿದ್ದ ಸುದ್ದಿಯನ್ನೂ ಜಿಲ್ಲಾಡಳಿತ ಊರಿನ ಹೆಸರಿನೊಂದಿಗೆ ಹೊರಡಿಸಲಿ, ಏರಿಯ ಮೇಲೆ ಎಲ್ಲಿಯವರೆಗೆ ಹೋಗಬಹುದೆಂಬ ಗುರುತು ಹಾಕಿಸಲಿ. ಸೆಪ್ಟೆಂಬರಿಗೆ ಮೊದಲು ಮುಗಿಸಬಹುದಾದ ಕೆಲಸ ಇದು.