ಟಕ್ ಎಂದಿತು, ತಿರುಗಲಿಲ್ಲ

ನಮ್ಮ ಮಹಡಿಯ ಕೋಣೆಯಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ಬಾಡಿಗೆಗಿದ್ದಾನೆ. ಬೆಳಗ್ಗೆ ಎಂಟಕ್ಕೆ ಬೆನ್ನಿಗೆ ದೊಡ್ಡ ಚೀಲ ಏರಿಸಿ ಹೊರಟರೆ ರಾತ್ರಿಯವರೆಗೂ ಮೈಸೂರಿನ ಬಡಾವಣೆಗಳಲ್ಲಿ ಪಾರ್ಸೆಲ್ ಹಂಚುವ ಕೆಲಸ. ಹಂಚಿದಷ್ಟು ದುಡ್ಡು, ಹಂಚದ ದಿನ ಸೊನ್ನೆ. ಸೆಕೆಂಡ್ ಹ್ಯಾಂಡ್ ಬೈಕು. ಅದಕ್ಕೆ ಕಿಕ್ಕರ್ ಇಲ್ಲ, ಸೆಲ್ಫ್ ಮಾತ್ರ. ಹೋದ ತಿಂಗಳು ಒಂದು ಬೆಳಗ್ಗೆ ಗೇಟಿನ ಹತ್ತಿರ ನಿಂತು ಕೂಗಿದ: "ಅಜ್ಜಾರ, ಗಾಡಿ ಚಾಲೂ ಆಗವಲ್ದು ನೋಡ್ರಿ. ಬಟನ್ ಒತ್ತಿದ್ರ ಟಕ್ ಅಂತೈತಿ, ಅಷ್ಟ."

ನಾನು ಪೇಪರನ್ನೂ ಕೆಳಗಿಡದೆ, "ಬ್ಯಾಟರಿ ಹೋಗಿದೆ ಕಣಪ್ಪಾ, ಬದಲಾಯಿಸು" ಎಂದೆ.

ಪಾಪ, ಹಿರಿಯರ ಮಾತೆಂದು 1,450 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದ. ಎರಡು ದಿನ ಓಡಿತು. ಮೂರನೆಯ ದಿನ ಮತ್ತೆ ಟಕ್. ಸರ್ವಿಸ್ ಅಂಗಡಿಯವರು ನೋಡಿ, ಸೆಲ್ಫ್ ಮೋಟರನ್ನೇ ಪೂರ್ತಿ ಬದಲಾಯಿಸಬೇಕು, ಕೂಲಿ ಸೇರಿ 3,600 ಆಗುತ್ತದೆ ಎಂದರಂತೆ. ಅಂದಿನಿಂದ ಹುಡುಗ ಬೆಳಗ್ಗೆ ಗಾಡಿ ತಳ್ಳಿ ಸ್ಟಾರ್ಟ್ ಮಾಡಿ, ದಿನವಿಡೀ ಎಂಜಿನ್ ಆರಿಸದೆ ಓಡಾಡತೊಡಗಿದ. ಯಾರದೋ ಮನೆಯ ಮೂರನೇ ಮಹಡಿಗೆ ಹತ್ತುವಾಗಲೂ ಕೆಳಗೆ ಗಾಡಿ ಗುರುಗುಟ್ಟುತ್ತಿರುತ್ತಿತ್ತು. ಪೆಟ್ರೋಲ್ ಖರ್ಚು ಒಂದು ಕಡೆ, ಯಾರಾದರೂ ಏರಿ ಹೋದರೆ ಎಂಬ ಹೆದರಿಕೆ ಇನ್ನೊಂದು ಕಡೆ.

ಶನಿವಾರ ರಾತ್ರಿ ಫೋನ್ ಹಿಡಿದು ಬಂದು ಕೇಳಿದ: "ಇದರಾಗ ಹತ್ತು ನಿಮಿಷದಾಗ ಸಾಲ ಕೊಡ್ತಾರಂತ್ರಿ. ತಗೊಳ್ಳೇನ್ರಿ?" ವರ್ಷಗಟ್ಟಲೆ ಬ್ಯಾಂಕಿನಲ್ಲಿ ಸಾಲದ ಲೆಡ್ಜರ್ ಬರೆದವನು ನಾನು. ಅದರ ಬಡ್ಡಿ, ಶುಲ್ಕ ಎಲ್ಲ ಕೂಡಿಸಿ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ನನ್ನ ಬಾಯಿಂದ ಬಂದ ಒಂದು ಮಾತು ಆಗಲೇ ಅವನಿಗೆ 1,450 ನಷ್ಟ ಮಾಡಿತ್ತು. "ನಾಳೆ ಮಧ್ಯಾಹ್ನದವರೆಗೆ ತಡಿ" ಎಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ಹಳೆಯ ಕಾಲದ ಜೂನ್ 30, ಡಿಸೆಂಬರ್ 31ರ ರಾತ್ರಿಗಳು. ಹತ್ತು ಪೈಸೆ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿರಲಿಲ್ಲ. ಆಗ ನಾವು ಕಂಡ ಕಂಡ ಲೆಡ್ಜರ್ ತಿರುವುತ್ತಿರಲಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ 54ನ್ನು 45 ಎಂದು ಬರೆದಿರಬಹುದು. ಇಲ್ಲವಾದರೆ ಅದರ ಅರ್ಧದಷ್ಟು ಮೊತ್ತ ತಪ್ಪು ಬದಿಗೆ ಬಿದ್ದಿದೆಯೇ ಎಂದು ಹುಡುಕು. ಎಲ್ಲಿಯವರೆಗೆ ಟ್ಯಾಲಿ ಆಗಿದೆ ಎಂದು ಗೊತ್ತಾದರೆ ತಪ್ಪು ಅದರ ಮುಂದಿದೆ. ಇದನ್ನೆಲ್ಲ ಬಲ್ಲವನು ಜಗಲಿಯಲ್ಲಿ ಕೂತು ತೀರ್ಪು ಕೊಟ್ಟೆನಲ್ಲ!

ಭಾನುವಾರ ಬೆಳಗ್ಗೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಡಬಲ್ ಸ್ಟ್ಯಾಂಡ್ ಹಾಕಿದೆವು. ಏಳನೇ ಕ್ಲಾಸಿನ ಮೊಮ್ಮಗಳು ಟಾರ್ಚ್ ಹಿಡಿದು ಬಂದಳು. ಮೊದಲು ಆ 'ಟಕ್'. ನಾವು ಒತ್ತುವ ಬಟನ್ ಮೋಟರಿಗೆ ನೇರವಾಗಿ ಕರೆಂಟ್ ಕೊಡುವುದಿಲ್ಲ. ಅದು ಗುಮಾಸ್ತನ ಚೀಟಿ ಇದ್ದಂತೆ. ಚೀಟಿ ರಿಲೇಗೆ ಹೋಗುತ್ತದೆ. ರಿಲೇ ತನ್ನೊಳಗಿನ ದಪ್ಪ ಕಾಂಟ್ಯಾಕ್ಟನ್ನು ಕೂಡಿಸಿದಾಗ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ದೊಡ್ಡ ಕರೆಂಟ್ ಮೋಟರಿಗೆ ಹರಿಯುತ್ತದೆ. ಟಕ್ ಎಂದಿತೆಂದರೆ ಬಟನ್, ಕ್ಲಚ್ ಸ್ವಿಚ್ ಎಲ್ಲ ಸರಿ, ಚೀಟಿ ತಲುಪಿದೆ.

ಮೊಮ್ಮಗಳನ್ನು ಗಾಡಿಯ ಹಿಂದೆ ನಿಲ್ಲಿಸಿದೆ. ಬ್ರೇಕ್ ಹಿಡಿದು ಕೆಂಪು ದೀಪ ಉರಿಸಿ, ಸೆಲ್ಫ್ ಒತ್ತಿದೆ. "ತಾತ, ದೀಪ ಒಂಚೂರೂ ಡಿಮ್ ಆಗ್ಲಿಲ್ಲ!"

ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ ಇದು. ಬ್ಯಾಟರಿ ಸೋತಿದ್ದರೆ, ಅಥವಾ ಮೋಟರ್ ಬಿಗಿದು ಕರೆಂಟ್ ಎಳೆಯುತ್ತಿದ್ದರೆ ದೀಪ ಕುಗ್ಗಬೇಕಿತ್ತು. ಕುಗ್ಗಲಿಲ್ಲ ಎಂದರೆ ದೊಡ್ಡ ಕರೆಂಟ್ ಹರಿಯುತ್ತಲೇ ಇಲ್ಲ, ದಾರಿ ಎಲ್ಲೋ ಕಡಿದಿದೆ. ಮೀಟರಿನ ಕೆಂಪು ಮೊನೆಯನ್ನು ಮೋಟರಿನ ಟರ್ಮಿನಲ್‌ಗೆ, ಕಪ್ಪನ್ನು ಎಂಜಿನ್ ಬಾಡಿಗೆ ಇಟ್ಟು ಬಟನ್ ಒತ್ತಿಸಿದೆ. 12.6 ವೋಲ್ಟ್. ಹಾಗಾದರೆ ರಿಲೇ, ವೈರು ಎಲ್ಲ ಟ್ಯಾಲಿ. ಬಾಗಿಲವರೆಗೆ ಬಂದ ಕರೆಂಟ್ ಒಳಗೆ ಹೋಗುತ್ತಿಲ್ಲ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೋಟರನ್ನು ಮೆಲ್ಲಗೆ ತಟ್ಟುತ್ತಾ ಒತ್ತಿಸಿದೆ. ಗರ್ರ್ ಎಂದು ತಿರುಗಿ ಎಂಜಿನ್ ಹತ್ತಿಕೊಂಡಿತು! ಹುಡುಗ ಕುಣಿದಾಡಿದ. ನನಗೆ ಮಾತ್ರ ಅದು ಕಾರ್ಬನ್ ಬ್ರಷ್ ಸವೆದ ಗುರುತು ಎನ್ನಿಸಿತು.

ಎಂಜಿನ್ ತಣ್ಣಗಾದ ಮೇಲೆ ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿದೆ. ಮಕ್ಕಳೇ, 12 ವೋಲ್ಟ್ ಶಾಕ್ ಹೊಡೆಯದು ನಿಜ, ಆದರೆ ಸ್ಪ್ಯಾನರ್ ಅಡ್ಡ ಬಿದ್ದರೆ ಅದು ಕೆಂಪಗೆ ಕಾದು ಕೈ ಸುಡುತ್ತದೆ. ದೊಡ್ಡವರಿಲ್ಲದೆ ಕೈ ಹಾಕಬೇಡಿ. ಮೋಟರನ್ನು ಬಿಚ್ಚುವ ಮುನ್ನ ಮುಚ್ಚಳ ಮತ್ತು ಕವಚಕ್ಕೆ ಅಡ್ಡವಾಗಿ ಮೊಳೆಯಿಂದ ಗೀರು ಎಳೆದೆ. ಮತ್ತೆ ಕೂಡಿಸುವಾಗ ಅದೇ ಜಾಗಕ್ಕೆ ಬರಬೇಕಲ್ಲ. ತೆಳುವಾದ ವಾಷರುಗಳು ಯಾವುದರ ಮೇಲೆ ಯಾವುದು ಇತ್ತೆಂದು ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡಳು.

ಒಳಗೆ ಕಾಡಿಗೆಯಂಥ ಕಪ್ಪು ಪುಡಿ. ತಿರುಗುವ ಆರ್ಮೇಚರಿನ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳ ಉಂಗುರವಿರುತ್ತದೆ, ಅದೇ ಕಮ್ಯುಟೇಟರ್. ಅದಕ್ಕೆ ಎರಡು ಕಾರ್ಬನ್ ತುಂಡುಗಳು ಸ್ಪ್ರಿಂಗಿನ ಬಲದಿಂದ ಒತ್ತಿಕೊಂಡು ಕರೆಂಟ್ ದಾಟಿಸುತ್ತವೆ. ಒಂದು ತುಂಡು ಸವೆದು ಸವೆದು ಸ್ಪ್ರಿಂಗಿಗೇ ಎಟುಕದಷ್ಟು ಗಿಡ್ಡವಾಗಿತ್ತು. ತಟ್ಟಿದಾಗ, ಗುಂಡಿಯಲ್ಲಿ ಕುಲುಕಿದಾಗ ತಾಮ್ರಕ್ಕೆ ತಾಗುವುದು, ಮತ್ತೆ ಬಿಡುವುದು. ಮನೆಮನೆಗೂ ನಿಲ್ಲಿಸಿ ಸ್ಟಾರ್ಟ್ ಮಾಡುವ ಗಾಡಿ, ಸವೆಯದೆ ಇನ್ನೇನು?

ಆರ್ಮೇಚರ್ ಸುಟ್ಟಿದ್ದರೆ ಅಂಗಡಿಯವರ ಮಾತೇ ನಿಜವಾಗುತ್ತಿತ್ತು. ಮೀಟರನ್ನು ಬೀಪ್‌ಗೆ ಹಾಕಿ ತಾಮ್ರದ ಪಟ್ಟಿಯಿಂದ ಪಟ್ಟಿಗೆ ಇಟ್ಟೆ, ಬೀಪ್ ಬಂತು. ಬರಲೇಬೇಕು. ಪಟ್ಟಿಯಿಂದ ನಡುವಿನ ಶಾಫ್ಟಿಗೆ ಇಟ್ಟಾಗ ಉಸಿರು ಬಿಗಿಹಿಡಿದೆ. ಅಲ್ಲಿ ಬೀಪ್ ಬರಬಾರದು. ಬರಲಿಲ್ಲ.

ಮಧ್ಯಾಹ್ನದವರೆಗೆ ತೆರೆದಿರುವ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹುಡುಗನನ್ನು ಓಡಿಸಿದೆ. ಪ್ಲೇಟ್ ಸಮೇತ ಬ್ರಷ್ ಸೆಟ್, 220 ರೂಪಾಯಿ. ಅಷ್ಟರಲ್ಲಿ ನಾನು ನಯವಾದ ಎಮರಿ ಕಾಗದದಿಂದ ತಾಮ್ರ ಉಜ್ಜಿ, ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತ ಪುಡಿಯನ್ನು ಪಿನ್ನಿನಿಂದ ಕೆರೆದು ತೆಗೆದೆ. ಕೈ ಸ್ವಲ್ಪ ನಡುಗುತ್ತದೆ ಈಗ. ಮೊಮ್ಮಗಳು "ನಾನು ಮಾಡ್ತೀನಿ ಕೊಡು" ಎಂದು ಕಿತ್ತುಕೊಂಡಳು. ಕೆಲಸ ಮಾಡುತ್ತಲೇ ಸೆಲ್ಫ್ ಕಂಡುಹಿಡಿದವರು ಯಾರು ಎಂದು ಕೇಳಿದಳು. 1912ರ ಕ್ಯಾಡಿಲಾಕ್ ಕಾರಿಗೆ ಅದನ್ನು ಮಾಡಿಕೊಟ್ಟ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅದಕ್ಕೂ ಮೊದಲು ಅಂಗಡಿಗಳ ಕ್ಯಾಷ್ ರಿಜಿಸ್ಟರಿಗೆ ಮೋಟರ್ ಕೂಡಿಸಿದವರು. ಚಿಕ್ಕ ಮೋಟರಾದರೂ ಕ್ಷಣಕಾಲ ಜೋರಾಗಿ ದುಡಿದರೆ ಸಾಕು ಎಂಬುದು ಅವರಿಗೆ ಅಲ್ಲಿಂದಲೇ ಗೊತ್ತಿತ್ತು. ನಗದು ಗಲ್ಲಾದಿಂದ ಬಂದ ವಿದ್ಯೆ ಎಂದು ನನಗೆ ಸ್ವಲ್ಪ ಹೆಮ್ಮೆ. ನನ್ನ ಹಳೆಯ ಜಾವಾಕ್ಕೆ ಸೆಲ್ಫೇ ಇರಲಿಲ್ಲ. ಕಿಕ್ಕರೂ ಗೇರೂ ಒಂದೇ ಲಿವರು.

ಊಟದ ಹೊತ್ತಿಗೆ ಎಲ್ಲ ಕೂಡಿಸಿ, ನೆಗೆಟಿವ್ ವೈರನ್ನು ಕೊನೆಗೆ ಬಿಗಿದು ಬಟನ್ ಒತ್ತಿದೆವು. ಒಂದೇ ಸಲಕ್ಕೆ ಹತ್ತಿಕೊಂಡಿತು. ಆರಿಸಿ ಆರಿಸಿ ಹತ್ತು ಸಲ ನೋಡಿದ ಹುಡುಗ. "ಸಾಕಪ್ಪಾ, ಐದು ಸೆಕೆಂಡಿಗಿಂತ ಒತ್ತಬೇಡ, ಹತ್ತದಿದ್ದರೆ ಬಿಟ್ಟು ತಣ್ಣಗಾಗಲು ಬಿಡು" ಎಂದೆ. ಫೋನಿನಿಂದ ಆ ಸಾಲದ ಆ್ಯಪನ್ನು ನನ್ನೆದುರೇ ತೆಗೆಸಿದೆ.

ತಿಂಗಳ ಬಾಡಿಗೆ ತಂದಾಗ 1,450 ಎಣಿಸಿ ಹಿಂದಕ್ಕೆ ಕೊಟ್ಟೆ. "ಬ್ಯಾಡ್ರಿ ಅಜ್ಜಾರ, ಹೊಸಾ ಬ್ಯಾಟರಿ ನನ್ನ ಕಡೆನ ಐತಲ್ರಿ" ಎಂದು ಅವನ ವಾದ. ಅದೂ ಸರಿಯೇ. ಅರ್ಧಕ್ಕೆ ಒಪ್ಪಂದವಾಗಿ, ಮೊಮ್ಮಗಳು ರಸೀದಿ ಬರೆದಳು: 'ತಾತನ ತಪ್ಪಿನ ಬಾಬ್ತು, ರೂ. 725'.