ಕಪಾಟಿನ ಬಾಗಿಲ ಹಿಂದೆ

ಈ ಸಂಚಿಕೆಗೆ ಕಸದ ವಿಷಯವಾಗಿ ಬರೆಯುತ್ತೇನೆಂದಾಗ ಗೆಳೆಯರು ನಕ್ಕರು. ‘ಕಾವ್ಯದ ಮೇಲೆ ಬರೆ, ಪ್ರಜಾಪ್ರಭುತ್ವದ ಮೇಲೆ ಬರೆ, ಕಸವೂ ಒಂದು ವಿಷಯವೇ?’ ಎಂದರು. ಹೌದು, ಅದೂ ಒಂದು ವಿಷಯವೇ ಎಂದು ನನ್ನ ಎಣಿಕೆ. ಏಕೆಂಬುದನ್ನು ವಾಚಕರ ಮುಂದಿಡುತ್ತೇನೆ.

ಓದಿನ ಖರ್ಚಿಗೆಂದು ನಾನು ಭಾನುವಾರಗಳಲ್ಲಿ ಮರಗೆಲಸದ ಸೋದರಮಾವನೊಡನೆ ಕೈಯಾಳಾಗಿ ಹೋಗುವುದುಂಟು. ಕಳೆದ ದೀಪಾವಳಿಗೆ ಮುಂಚೆ ಹೊಸ ಬಡಾವಣೆಯ ಒಂದು ಮನೆಯಲ್ಲಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲ ಒಳಮೈಗೆ ಕಸದ ಚೀಲ ತೂಗುಹಾಕುವ ಸಣ್ಣ ಚೌಕಟ್ಟನ್ನು ಕೂರಿಸಬೇಕಾಗಿತ್ತು. ಅಡುಗೆಮನೆಯಲ್ಲಿ ಕಸ ಕಣ್ಣಿಗೆ ಬೀಳಬಾರದೆಂಬುದು ಆ ಮನೆಯ ಅಮ್ಮನವರ ಅಪೇಕ್ಷೆ. ಅದರಲ್ಲಿ ತಪ್ಪೇನೂ ಇಲ್ಲ.

ನೋಡುವುದಕ್ಕೆ ಐದು ನಿಮಿಷದ ಕೆಲಸ. ಆದರೆ ಅದಕ್ಕೂ ಒಂದು ಕ್ರಮವಿದೆ. ಮೊದಲು ತುಂಬಿದ ಚೀಲವನ್ನು ಬಾಗಿಲಿಗೆ ಹಿಡಿದು ಮುಚ್ಚಿ, ಅದು ಒಳಗಿನ ಹಲಗೆಗಾಗಲಿ ಸಿಂಕಿನ ಕೊಳವೆಗಾಗಲಿ ತಾಗದೆಂದು ಖಚಿತ ಮಾಡಿಕೊಳ್ಳಬೇಕು. ಆಮೇಲೆ ಪೆನ್ಸಿಲಿನ ಗುರುತು, ಸಣ್ಣ ರಂಧ್ರ, ತಿರುಪು. 18 ಮಿಲಿಮೀಟರಿನ ಬಾಗಿಲಿಗೆ 12 ಮಿಲಿಮೀಟರಿನ ತಿರುಪು ಸಾಕು. ಉದ್ದನೆಯದು ಹಾಕಿದರೆ ಮೊನೆ ಹೊರಗೆ ಇಣುಕುತ್ತದೆ. ಅಂಟುಪಟ್ಟಿಯನ್ನು ನಂಬಿದರೆ ಸಿಂಕಿನ ಕೆಳಗಿನ ತೇವಕ್ಕೆ ಬಿಟ್ಟುಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಚೀಲ ಹಗುರವಾಗಿರಬೇಕು. ಭಾರವಾದರೆ ದಿನಗಳೆದಂತೆ ಕೀಲು ಸಡಿಲಿ ಬಾಗಿಲು ಜೋತುಬೀಳುತ್ತದೆ.

ಆ ಸಂಜೆ ಮನೆಗೆ ಬಂದು ನನ್ನ ಕೈಚಳಕವನ್ನು ಅವ್ವನಿಗೆ ವರ್ಣಿಸಿದೆ. ಅವ್ವ ಕೇಳಿದ್ದು ಒಂದೇ ಮಾತು: ‘ಒಂದೇ ಚೀಲವೇನಪ್ಪಾ? ಹಂಗಾದ್ರೆ ಅನ್ನಸಾರಿನೊಳಗೇ ಬ್ಲೇಡೂ ಬತ್ತದೆ ಅನ್ನು.’

ನನ್ನ ಅವ್ವ ಪುರಸಭೆಯಲ್ಲಿ ಪೌರಕಾರ್ಮಿಕಳು. ಈ ಮೂರು ವರ್ಷ ಇದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದುದಕ್ಕೆ ಈಗ ನಾಚಿಕೆಯಾಗುತ್ತದೆ. ಅವಳ ಎಡಗೈ ಹೆಬ್ಬೆರಳಿನ ಮೇಲೆ ಒಂದು ಗೀರಿದೆ. ಯಾರದೋ ಮನೆಯ ಚೀಲದಲ್ಲಿ, ಹಳಸಿದ ಅನ್ನದ ನಡುವೆ ಇದ್ದ ಗಾಜಿನ ಚೂರು ಮಾಡಿದ ಗಾಯ ಅದು. ಆ ಚೀಲವನ್ನು ಕಟ್ಟಿದವರು ಕೆಟ್ಟವರೆಂದು ನಾನು ಹೇಳಲಾರೆ. ಬಾಗಿಲು ಮುಚ್ಚಿದ ಮೇಲೆ ಕಸ ಮುಗಿಯಿತೆಂದು ಅವರು ತಿಳಿದರು, ಅಷ್ಟೆ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸವೆಂದು ಮನೆಯವರೇ ಬೇರ್ಪಡಿಸಿ ಕೊಡಬೇಕೆಂದು ವಿಧಿಸಿದವು. ಅದೇ ವರ್ಷದ ಮಾರ್ಚಿಯಲ್ಲಿ ನಮ್ಮ ರಾಜ್ಯವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಬೇರ್ಪಡಿಸಿದ ಸಿಪ್ಪೆ ಗೊಬ್ಬರವಾಗುತ್ತದೆ, ಒಣಗಿದ ಕಾಗದ ಗುಜರಿಗೆ ಹೋಗುತ್ತದೆ. ಸಾರು ಮೆತ್ತಿದ ಕಾಗದ ಯಾರಿಗೂ ಬೇಡ.

‘ನಾವು ಬೇರ್ಪಡಿಸಿ ಕೊಟ್ಟರೂ ಗಾಡಿಯಲ್ಲಿ ಒಂದೇ ರಾಶಿ ಮಾಡುತ್ತಾರಲ್ಲ’ ಎಂದು ಕೆಲವರು ಆಕ್ಷೇಪಿಸುವುದುಂಟು. ಹಾಗೆ ಮಾಡುವ ಕಡೆ ಅದು ತಪ್ಪೇ. ಅಲ್ಲಿ ನಾವು ಕೇಳಲೇಬೇಕು. ಆದರೆ ಕಸ ಗಾಡಿಗೆ ಸೇರುವ ಮೊದಲು ಒಂದು ಕೈಗೆ ಸೇರುತ್ತದೆ. ಬ್ಲೇಡು ಕೊಯ್ಯುವುದು ಆ ಕೈಯನ್ನು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಬಾಗಿಲಿನ ಚೌಕಟ್ಟಿನಲ್ಲಿ ಬಟ್ಟೆಯ ಚೀಲವಿರಲಿ, ಅದರಲ್ಲಿ ಒಣ ಕಸವೊಂದೇ ಇರಲಿ. ಒಣ ಕಸ ಹಗುರ. ಬಾಗಿಲಿಗೂ ಅದೇ ಕ್ಷೇಮ. ಹಸಿ ಕಸಕ್ಕೆ ಕೆಳಗೆ ಮುಚ್ಚಳದ ಬಕೆಟ್ಟು, ತಳಕ್ಕೆ ಹಳೆಯ ವೃತ್ತಪತ್ರಿಕೆ; ದಿನವೂ ಬರಿದುಮಾಡಿದರೆ ವಾಸನೆಯ ಮಾತಿಲ್ಲ. ಬ್ಲೇಡು, ಗಾಜುಗಳಿಗೆ ಒಂದು ಹಳೆಯ ಡಬ್ಬಿ.

ಮರುವಾರ ಆ ಮನೆಗೆ ಹೋಗಿ ಸಂಕೋಚದಿಂದಲೇ ಇದನ್ನು ಹೇಳಿದೆ. ಅಮ್ಮನವರು ಕ್ಷಣ ಸುಮ್ಮನಿದ್ದು, ‘ಇದನ್ನು ಯಾರೂ ಹೇಳಿರಲಿಲ್ಲವಲ್ಲಪ್ಪ’ ಎಂದು ಹಿತ್ತಲಿನಿಂದ ಮುಚ್ಚಳವಿದ್ದ ಬಕೆಟ್ಟೊಂದನ್ನು ತಂದಿಟ್ಟರು. ಹೇಳುವವರಿಲ್ಲದಿರುವುದೇ ದೊಡ್ಡ ಕೊರತೆಯೆಂದು ಅಂದು ಅನ್ನಿಸಿತು. ಅಕ್ಷರ ಕಲಿತ ನಾವಾದರೂ ಹೇಳಬೇಡವೇ?

ಮಿತ್ರರೇ, ಇಂದು ಸಂಜೆ ಕೊಠಡಿಗೆ ಹೋದಾಗ ನಿಮ್ಮ ಕಸದ ಬುಟ್ಟಿಯೊಳಗೆ ಒಮ್ಮೆ ನೋಡಿ. ಬ್ಲೇಡಿದ್ದರೆ ತೆಗೆದು ದಪ್ಪ ಕಾಗದದಲ್ಲಿ ಸುತ್ತಿ ಬೇರೆ ಇಡಿ. ನಾಳೆ ಬೆಳಿಗ್ಗೆ ಆ ಬುಟ್ಟಿಯನ್ನು ಎತ್ತುವವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ.