ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ‘ಜಾಗ ಸಾಲದು’ ಎಂಬ ಎಚ್ಚರಿಕೆ ಮೂಡಿದೊಡನೆ ಗೃಹಸ್ಥನ ಕೈ ಹೋಗುವುದು ತನ್ನ ಸ್ವಂತ ಕಾಗದಪತ್ರಗಳ ಮೇಲೆ. ಹತ್ತು ವರ್ಷಗಳಿಂದ ಬರೆದಿಟ್ಟ ಪತ್ರಗಳು, ಮಗಳ ಶಾಲೆಯ ಪ್ರಬಂಧಗಳು, ಮನೆಯ ಲೆಕ್ಕ, ಎಂದೋ ಅಜ್ಜಿ ಹೇಳಿದ ಸಂಪ್ರದಾಯದ ಹಾಡುಗಳ ಧ್ವನಿಮುದ್ರಣ. ಸಾಲುಸಾಲಾಗಿ ಕಾಣುವ ಈ ನೂರಾರು ಕಡತಗಳೇ ಜಾಗವನ್ನೆಲ್ಲ ನುಂಗಿರಬೇಕೆಂದು ಅವನು ನಿಶ್ಚಯಿಸುತ್ತಾನೆ. ಒಂದು ಸಂಜೆ ಕುಳಿತು, ಮನಸ್ಸನ್ನು ಗಟ್ಟಿಮಾಡಿಕೊಂಡು, ಮುನ್ನೂರು ಕಡತಗಳನ್ನು ಅಳಿಸಿಹಾಕುತ್ತಾನೆ. ಮರುದಿನ ಬೆಳಿಗ್ಗೆ ಅದೇ ಎಚ್ಚರಿಕೆ ಮತ್ತೆ ಪ್ರತ್ಯಕ್ಷವಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಕಣ್ಣಿಗೆ ಬೀಳುವುದು ಎಣಿಕೆ, ಜಾಗ ಹಿಡಿಯುವುದು ಗಾತ್ರ. ಬರಹವೆಂಬುದು ಗಣಕದ ಲೆಕ್ಕದಲ್ಲಿ ಎಷ್ಟು ಹಗುರವಾದ ಸರಕೆಂಬುದನ್ನು ತಿಳಿದರೆ ಯಾರಿಗಾದರೂ ಬೆರಗಾದೀತು. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಯು.ಟಿ.ಎಫ್.-೮ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟ್ ಬೇಕು. ‘ಕ’ ಎಂಬುದಕ್ಕೆ ೩. ‘ಕಿ’ ಎಂದರೆ ಗುಣಿತದ ಚಿಹ್ನೆಯೂ ಸೇರಿ ೬. ‘ಕ್ಷ’ ಎಂದರೆ ಕಕಾರ, ಹಲಂತದ ಚಿಹ್ನೆ, ಷಕಾರ ಕೂಡಿ ೯. ರೋಮನ್ ಅಕ್ಷರಕ್ಕೆ ಒಂದೇ ಬೈಟ್ ಸಾಕಾಗುವಾಗ ಕನ್ನಡ ಬಲು ದುಬಾರಿಯೆನಿಸೀತು. ಹಾಗಿದ್ದರೂ ಪುಟವೊಂದಕ್ಕೆ ೧,೫೦೦ ಸಂಕೇತಗಳಂತೆ ೩೦೦ ಪುಟಗಳ ಒಂದು ಕಾದಂಬರಿಯ ಬರಹವೆಲ್ಲ ಒಂದೂವರೆ ಎಂ.ಬಿ.ಯೊಳಗೇ ಅಡಗುತ್ತದೆ. ಅಂಥ ನೂರು ಕಾದಂಬರಿಗಳಿಗೆ ಬೇಕಾದದ್ದು ೧೩೫ ಎಂ.ಬಿ. ಈಗಿನ ಒಳ್ಳೆಯ ಮೊಬೈಲಿನಲ್ಲಿ ೪ಕೆ ದರ್ಜೆಯಲ್ಲಿ ಚಿತ್ರಿಸಿದ ವಿಡಿಯೊ ಒಂದೇ ನಿಮಿಷಕ್ಕೆ ಅದನ್ನು ಮೀರಿಸಿ, ೧೭೦ರಿಂದ ೩೫೦ ಎಂ.ಬಿ.ಯವರೆಗೆ ತಿನ್ನಬಲ್ಲದು. ಅಜ್ಜಿಯ ಹಾಡಾದರೋ ನಿಮಿಷಕ್ಕೆ ಸುಮಾರು ಒಂದು ಎಂ.ಬಿ.ಯಲ್ಲಿ ತೃಪ್ತಿಪಡುತ್ತದೆ. ಮತ್ತೆಲ್ಲಿಯೂ ದೊರೆಯದ ವಸ್ತುಗಳೇ ಯಂತ್ರದಲ್ಲಿ ಅತ್ಯಂತ ಹಗುರವಾದವು. ಅವನ್ನು ಬಲಿಕೊಟ್ಟರೆ ಸಿಗುವ ಜಾಗ ಅಂಗೈಯಗಲ.

ಹಿಂದೆ ಈ ಲೆಕ್ಕಾಚಾರವೇ ಬೇರೆಯಾಗಿತ್ತು. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ‘ರಾಮ್ಯಾಕ್’ ಗಣಕದ ತಟ್ಟೆಗಳ ಭಂಡಾರ ಸುಮಾರು ಒಂದು ಟನ್ ತೂಗುತ್ತಿತ್ತು. ಎರಡಡಿ ವ್ಯಾಸದ ೫೦ ಲೋಹದ ತಟ್ಟೆಗಳು ಅದರಲ್ಲಿ ಗಿರಿಗಿರಿ ತಿರುಗುತ್ತಿದ್ದವು. ಅಷ್ಟೆಲ್ಲ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು. ಬೆಳಿಗ್ಗೆಯೆದ್ದು ನೆಂಟರಿಷ್ಟರು ಕಳುಹಿಸುವ ‘ಶುಭೋದಯ’ದ ಗುಲಾಬಿ ಚಿತ್ರಗಳನ್ನು ಒಂದು ವಾರ ಕೂಡಿಟ್ಟರೆ ಆ ಭಂಡಾರದಲ್ಲಿ ನೊಣ ಕೂರುವಷ್ಟು ಎಡೆಯೂ ಉಳಿಯುತ್ತಿರಲಿಲ್ಲವೇನೋ. ಜಾಗ ಅಗ್ಗವಾದಂತೆಲ್ಲ ಕೂಡಿಡುವ ಚಪಲವೂ ಬೆಳೆಯಿತು. ಮನುಷ್ಯನಿಗಿಂತ ಹೆಚ್ಚಾಗಿ ಯಂತ್ರಕ್ಕೆ.

ಹಾಗಾದರೆ ಜಾಗ ಹೋಗುವುದೆಲ್ಲಿಗೆ? ೨೫೬ ಜಿ.ಬಿ.ಯ ಒಂದು ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳಬಹುದು. ತೆರೆದು ನೋಡಿದರೆ ವಿಂಡೋಸ್ ತೋರಿಸುವುದು ೨೩೮ ಮಾತ್ರ. ಅಂಗಡಿಯವನು ಮೋಸಮಾಡಿದನೆಂದು ಶಂಕಿಸುವ ಕಾರಣವಿಲ್ಲ. ತಯಾರಕರು ನೂರು ಕೋಟಿ ಬೈಟಿಗೆ ಒಂದು ಜಿ.ಬಿ. ಎನ್ನುತ್ತಾರೆ, ವಿಂಡೋಸ್ ೧೦೭ ಕೋಟಿ ೩೭ ಲಕ್ಷಕ್ಕೂ ಮಿಕ್ಕ ಬೈಟುಗಳಿಗೆ ಒಂದೆಂದು ಎಣಿಸುತ್ತದೆ. ಸೇರು ಒಂದೇ ಹೆಸರಿನದಾದರೂ ಅಳತೆ ಬೇರೆ. ಈ ಉಳಿದ ಜಾಗದಲ್ಲಿ ಯಂತ್ರವು ಯಜಮಾನನಿಗೆ ಹೇಳದೆಯೇ ತನ್ನದೊಂದು ಉಗ್ರಾಣವನ್ನು ಕಟ್ಟಿಕೊಂಡಿರುತ್ತದೆ.

ಆ ಉಗ್ರಾಣದ ಅತಿ ದೊಡ್ಡ ಮೂಟೆ ಹಳೆಯ ವಿಂಡೋಸೇ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿದುದರಿಂದ ಅನೇಕರು ೧೧ಕ್ಕೆ ಏರಿದರು. ಹಾಗೆ ಏರುವಾಗ ಹಿಂದಿನ ವ್ಯವಸ್ಥೆಯನ್ನು ‘ವಿಂಡೋಸ್ ಓಲ್ಡ್’ ಎಂಬ ಗಂಟಿನಲ್ಲಿ ಕಟ್ಟಿಡಲಾಗುತ್ತದೆ. ಹೊಸದು ಒಗ್ಗದಿದ್ದರೆ ಹಿಂದಕ್ಕೆ ಬರಲೆಂದು ಈ ಏರ್ಪಾಡು. ಗಂಟಿನ ಭಾರ ಹತ್ತಿಪ್ಪತ್ತು ಜಿ.ಬಿ. ಇರುವುದುಂಟು. ಸಾಮಾನ್ಯವಾಗಿ ೧೦ ದಿನಗಳ ಬಳಿಕ ಅದು ತಾನಾಗಿ ಅಳಿಯುತ್ತದೆ; ಅಷ್ಟು ಕಾಯಲು ಎಡೆಯಿಲ್ಲದವರು ಮೊದಲೇ ತೆಗೆಯಬಹುದು, ಆದರೆ ಹಿಂದಕ್ಕೆ ಬರುವ ಬಾಗಿಲು ಅಲ್ಲಿಗೆ ಮುಚ್ಚಿತೆಂದೇ ತಿಳಿಯಬೇಕು. ಎರಡನೆಯ ಮೂಟೆ ‘ಹೈಬರ್ನೇಟ್’ ಎಂಬ ದೀರ್ಘನಿದ್ರೆಗಾಗಿ ಕಾದಿಟ್ಟದ್ದು. ೮ ಜಿ.ಬಿ. ಸ್ಮೃತಿಯ ಯಂತ್ರದಲ್ಲಿ ಅದು ಸಾಧಾರಣವಾಗಿ ೩ ಜಿ.ಬಿ.ಗಿಂತ ಹೆಚ್ಚು. ಮುಂದಿನ ಅಪ್‌ಡೇಟುಗಳಿಗೆಂದು ಸುಮಾರು ೭ ಜಿ.ಬಿ.ಯನ್ನು ಮುಂಗಡವಾಗಿಯೇ ಹಿಡಿದಿಡುವ ಕ್ರಮ ೨೦೧೯ರಿಂದ ಬಂದಿದೆ. ಅದನ್ನು ಅದರ ಪಾಡಿಗೆ ಬಿಡುವುದೇ ಲೇಸು.

ಇವುಗಳನ್ನು ಕಾಣಲು ಯಾವ ಮಾಂತ್ರಿಕನೂ ಬೇಕಾಗಿಲ್ಲ. ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಮ್’, ಅದರೊಳಗೆ ‘ಸ್ಟೋರೇಜ್’ ಎಂಬುದನ್ನು ತೆರೆದರೆ ಯಾವುದಕ್ಕೆ ಎಷ್ಟು ಜಾಗವೆಂಬ ಪಟ್ಟಿ ಬರುತ್ತದೆ. ‘ಟೆಂಪೊರರಿ ಫೈಲ್ಸ್’ ಎಂಬಲ್ಲಿ ತೆಗೆಯಬಹುದಾದ ಕಸವೆಲ್ಲ ಒಂದೆಡೆ ಸೇರಿರುತ್ತದೆ. ಕಡತಗಳ ಕಿಟಕಿಯ ಹುಡುಕುವ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ‘ಸೈಜ್’ ಎಂದು ಬರೆದು, ಒಂದರ ಮೇಲೊಂದು ಎರಡು ಚುಕ್ಕೆಯಿಟ್ಟು, ‘ಜೈಗ್ಯಾಂಟಿಕ್’ ಎಂದು ಸೇರಿಸಿದರೆ ೪ ಜಿ.ಬಿ. ಮೀರಿದ ಕಡತಗಳು ತಾವಾಗಿಯೇ ಎದ್ದುನಿಲ್ಲುತ್ತವೆ. ಒಮ್ಮೆ ನೋಡಿ ಮರೆತ ಚಲನಚಿತ್ರ, ಮೂರು ಕಡೆ ನಕಲಾಗಿ ಕುಳಿತಿರುವ ಯಾರದೋ ಮದುವೆಯ ವಿಡಿಯೊ ಸಿಕ್ಕಿಬೀಳುವುದು ಇಲ್ಲಿಯೇ. ಮುನ್ನೂರು ಪತ್ರಗಳು ಕೊಡಲಾರದ ಎಡೆಯನ್ನು ಇವುಗಳಲ್ಲೊಂದು ಕೊಟ್ಟೀತು.

ತೆಗೆಯುವ ಕೈ ತಡೆಯಬೇಕಾದ ಸ್ಥಳಗಳೂ ಇವೆ. ಆ ಕಸದ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬುದೂ ಒಂದು ಸಾಲಾಗಿ ಇರುತ್ತದೆ. ಬ್ಯಾಂಕಿನಿಂದ ಬಂದ ಲೆಕ್ಕಪತ್ರ, ಮಿಂಚಂಚೆಯಲ್ಲಿ ಬಂದು ಅಲ್ಲಿಯೇ ಉಳಿದ ಪ್ರಮಾಣಪತ್ರ ಮುಂತಾದವು ಮನೆಮಾಡಿಕೊಂಡಿರುವುದು ಅದರಲ್ಲಿ. ಓದದೆ ಎಲ್ಲ ಸಾಲುಗಳಿಗೂ ಗುರುತು ಹಾಕಿದವನ ಪಾಡನ್ನು ಊಹಿಸಬಹುದು. ‘ವಿಂಡೋಸ್’ ಎಂಬ ಕೋಶದೊಳಗೆ ನುಗ್ಗಿ, ಅರ್ಥವಾಗದ ಹೆಸರಿನ ಕಡತಗಳನ್ನು ಕೈಯಾರೆ ಅಳಿಸುವುದಂತೂ ಮನೆಯ ತೊಲೆಯನ್ನು ಸೌದೆಗೆಂದು ಕಡಿದಂತೆ.

ಇನ್ನು ‘ಮೋಡ’ದ ಮಾತು. ಒನ್‌ಡ್ರೈವ್ ಮುಂತಾದ ಏರ್ಪಾಡುಗಳಲ್ಲಿ ಕಡತದ ಒಂದು ಪ್ರತಿ ದೂರದ ಗಣಕದಲ್ಲಿಯೂ ಇರುತ್ತದೆ. ಅಲ್ಲೊಂದು ಇದೆಯಲ್ಲ, ಇಲ್ಲಿಯದನ್ನು ಅಳಿಸಿದರಾಯಿತು ಎಂದು ಭಾವಿಸುವವರು ಬಹು ಮಂದಿ. ಆದರೆ ಅವೆರಡೂ ಬೇರೆಬೇರೆಯಾದ ಪ್ರತಿಗಳಲ್ಲ. ಕನ್ನಡಿಯೂ ಅದರೊಳಗಿನ ಬಿಂಬವೂ ಇದ್ದಂತೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಅದೇ ಖಾತೆಗೆ ಹೊಂದಿಕೊಂಡ ಮಗನ ಗಣಕದಲ್ಲಿಯೂ ಅಳಿಯುತ್ತದೆ. ಮನೆಬಳಕೆಯ ಒನ್‌ಡ್ರೈವ್ ಖಾತೆಯ ಕಸದ ಬುಟ್ಟಿಯಲ್ಲಿ ಅದು ೩೦ ದಿನ ಉಳಿದೀತು, ಆಮೇಲೆ ಇಲ್ಲ. ಲ್ಯಾಪ್‌ಟಾಪಿನಲ್ಲಿ ಎಡೆ ಮಾತ್ರ ಬೇಕಾದವರು ಕಡತದ ಮೇಲೆ ಬಲಗುಂಡಿಯೊತ್ತಿ ‘ಫ್ರೀ ಅಪ್ ಸ್ಪೇಸ್’ ಎಂಬುದನ್ನು ಆರಿಸಬೇಕು, ‘ಡಿಲೀಟ್’ ಎಂಬುದನ್ನಲ್ಲ.

ಅಳಿಸಿದ್ದನ್ನು ಮರಳಿ ತೆಗೆಸಿಕೊಡುವ ನಿಪುಣರಿದ್ದಾರೆಂಬ ಧೈರ್ಯವೂ ಈಗ ಹಳೆಯದಾಯಿತು. ತಿರುಗುವ ತಟ್ಟೆಯ ಕಾಲದಲ್ಲಿ ಅಳಿಸುವುದೆಂದರೆ ಪುಸ್ತಕದ ವಿಷಯಸೂಚಿಯಿಂದ ಹೆಸರನ್ನು ಹೊಡೆದುಹಾಕಿದಂತಿತ್ತು. ಪುಟ ಹಾಗೆಯೇ ಇರುತ್ತಿತ್ತು. ಇಂದಿನ ಲ್ಯಾಪ್‌ಟಾಪುಗಳಲ್ಲಿರುವ ಎಸ್.ಎಸ್.ಡಿ.ಯಲ್ಲಿ ‘ಟ್ರಿಮ್’ ಎಂಬ ಆಜ್ಞೆಯೊಂದುಂಟು. ಇಂತಿಂಥ ಪುಟಗಳು ಬೇಡವೆಂದು ವಿಂಡೋಸ್ ಅದರ ಮೂಲಕ ತಿಳಿಸುತ್ತದೆ, ಭಂಡಾರ ತನ್ನ ಬಿಡುವಿನಲ್ಲಿ ಅವನ್ನು ತೊಳೆದುಬಿಡುತ್ತದೆ. ಕಸದ ಬುಟ್ಟಿಯನ್ನು ಬರಿದುಮಾಡುವ ತನಕ ಜಾಗ ಬಿಡುವಾಗುವುದಿಲ್ಲ. ಬರಿದುಮಾಡಿದ ಮೇಲೆ ಸಾಮಾನು ಮರಳುವ ಆಸೆ ಇಟ್ಟುಕೊಳ್ಳುವಂತಿಲ್ಲ.

ಬಲ್ಲವರೂ ಈ ಕೆಲಸದಲ್ಲಿ ಎಡವಿದ್ದಾರೆ. ೨೦೧೮ರ ಅಕ್ಟೋಬರ್ ಮೊದಲ ವಾರದಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ೧೦ರ ಒಂದು ಹೊಸ ಆವೃತ್ತಿಯನ್ನು ಹಂಚತೊಡಗಿತು. ಕಡತಕೋಶಗಳನ್ನು ಬೇರೆಡೆಗೆ ಸ್ಥಳಾಂತರಿಸಿಕೊಂಡಿದ್ದವರ ಯಂತ್ರಗಳಲ್ಲಿ ಅದೇ ಹೆಸರಿನ ಖಾಲಿ ಕೋಶಗಳು ಇಮ್ಮಡಿಯಾಗಿ ಕಾಣುತ್ತವೆಂಬ ದೂರು ಹಿಂದೆ ಬಂದಿತ್ತು. ಅವನ್ನು ತೆಗೆದು ಮನೆಯನ್ನು ಓರಣಗೊಳಿಸಲೆಂದು ಸೇರಿಸಿದ ಸೂಚನೆ, ಕೋಶ ನಿಜವಾಗಿ ಖಾಲಿಯೇ ಎಂಬುದನ್ನು ನೋಡದೆ, ಹಳೆಯ ಸ್ಥಳದಲ್ಲಿ ಉಳಿದಿದ್ದ ಕಡತಗಳನ್ನೂ ಗುಡಿಸಿಹಾಕಿತು. ಕೆಲವೇ ದಿನಗಳಲ್ಲಿ ಹಂಚಿಕೆಯನ್ನು ತಡೆಯಬೇಕಾಯಿತು. ತಿದ್ದಿದ ಆವೃತ್ತಿ ಬಂದುದು ನವೆಂಬರಿನಲ್ಲಿ. ಕಡತ ಕಳೆದುಕೊಂಡೆವೆಂದು ವರದಿಮಾಡಿದವರು ಹತ್ತು ಸಾವಿರಕ್ಕೆ ಒಬ್ಬರಂತೆ ಮಾತ್ರವೆಂದು ಸಂಸ್ಥೆ ತಿಳಿಸಿತು. ಆ ಒಬ್ಬನಿಗೆ ಈ ಲೆಕ್ಕದಿಂದ ಎಷ್ಟು ಸಮಾಧಾನವಾಯಿತೋ!

ಆದುದರಿಂದ ಗುಡಿಸುವುದಕ್ಕೆ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಪತ್ರಗಳು, ಧ್ವನಿಗಳು, ಮನೆಯ ಚಿತ್ರಗಳು ಇವನ್ನು ಹೊರಗಿನ ಒಂದು ಡಿಸ್ಕಿಗೆ ನಕಲುಮಾಡಿಕೊಳ್ಳಬೇಕು. ನಕಲಾಯಿತೆಂದು ಪರದೆ ಹೇಳಿದರೆ ಸಾಲದು; ಆ ಡಿಸ್ಕನ್ನು ಕಳಚಿ, ಬೇರೊಂದು ಗಣಕಕ್ಕೆ ಜೋಡಿಸಿ, ನಾಲ್ಕಾರು ಕಡತಗಳನ್ನು ತೆರೆದು ಓದಿ, ಒಂದೆರಡು ಹಾಡುಗಳನ್ನು ಕಡೆಯವರೆಗೆ ಕೇಳಿ ನೋಡಬೇಕು. ಕಸದ ಬುಟ್ಟಿಗೆ ಕೈಹಾಕುವುದು ಅದಾದ ಮೇಲಿನ ಮಾತು.